ಉರ್ದು ಮಾಸ್ತರು ಹಿಡಿದಿಟ್ಟ ಜಾಗ

ಮೊನ್ನೆ ಮಗಳು ಮನೆಗೆ ಸುಣ್ಣ ಹೊಡೆಸುವುದೆಂದು ಪಡಸಾಲೆಯ ಸಾಮಾನನ್ನೆಲ್ಲ ಅಂಗಳಕ್ಕೆ ಎಳೆಸಿದಳು. ಟ್ರಂಕು, ಜೋಳದ ಡಬ್ಬ, ಗೋಡೆಯ ಗಡಿಯಾರ, ಯಾರೂ ಓದದ ನನ್ನ ಪುಸ್ತಕಗಳು. ಜೇವರ್ಗಿಯ ಬಿಸಿಲು ಗೊತ್ತಲ್ಲ, ಮುಂಜಾನೆಯೇ ನೆತ್ತಿ ಸುಡುತ್ತದೆ. ಎಲ್ಲವೂ ಕಾಯತೊಡಗಿದಾಗ ಹಸಿ ಸುಣ್ಣದ ನಡುವೆಯೇ ಇನ್ನೊಂದು ವಾಸನೆ ಮೂಗಿಗೆ ಬಂತು. ತುಕ್ಕಿನ ತಂತಿ, ಹಳೆಯ ಕರಿ ಬಟ್ಟೆ, ಕೈಯ ಬೆವರು ಕುಡಿದು ಕಪ್ಪಾದ ಬೆತ್ತದ ಹಿಡಿ... ಬಿಸಿಲಿಗೆ ಕಾದ ಛತ್ರಿಯ ವಾಸನೆ. ತಲೆ ಎತ್ತಿ ನೋಡಿದೆ. ಮಡಚುವ ಕಬ್ಬಿಣದ ಕುರ್ಚಿ ಅಂಗಳದಲ್ಲಿತ್ತು, ಅದರ ಮೇಲೆ ಛತ್ರಿ ಎಂದಿನಂತೆ ಅಡ್ಡ ಮಲಗಿತ್ತು.

“ಅಪ್ಪಾ, ಗುಜರಿಯವ ಬಾಗಲದಾಗ ನಿಂತಾನ. ಬಟ್ಟಿ ಎಲ್ಲಾ ಹರದದ, ಕಡ್ಡಿ ತುಕ್ಕ ಹಿಡದಾವ. ಈಗರೆ ಹಾಕಿಬಿಡ್ಲೇನು?” ಎಂದಳು ಮಗಳು.

ಅದು ಯಾರ ಛತ್ರಿ ಎಂದು ಅವಳಿಗೆ ಗೊತ್ತು. ಪ್ರತಿ ಸಲ ಸುಣ್ಣ ಹೊಡೆಸುವಾಗಲೂ ಕೇಳುತ್ತಾಳೆ, ಪ್ರತಿ ಸಲವೂ ನಾನು ರೇಗುತ್ತೇನೆ. ಈ ಸಲ ರೇಗಲಿಕ್ಕೆ ತ್ರಾಣ ಇರಲಿಲ್ಲ. “ನಿಂದ್ರು” ಎಂದೆ. “ಅವನಿಗಿ ಒಂದ ಕಪ್ ಚಾ ಕೊಡು. ಕುಂಡ್ರಲಿ.” ಗುಜರಿಯವನು ಕಟ್ಟೆಯ ಮೇಲೆ ಕೂತ. ನಾನು ಛತ್ರಿಯನ್ನು ನೋಡುತ್ತ ಕೂತೆ.

ಎಪ್ಪತ್ತರ ದಶಕದ ಮಾತು. ನಾನು ಅಫಜಲಪುರದ ಕನ್ನಡ ಶಾಲೆಯಲ್ಲಿ ಮಾಸ್ತರ, ಈ ಛತ್ರಿಯವರು ಗೋಡೆಯಾಚೆಯ ಉರ್ದು ಶಾಲೆಯಲ್ಲಿ ಮಾಸ್ತರು. ಎರಡೂ ಶಾಲೆಗೆ ಒಂದೇ ಅಂಗಳ, ಒಂದೇ ಬೇವಿನ ಗಿಡ, ಒಂದೇ ಗಂಟೆ. ಗಂಟೆ ನಮ್ಮ ಕಡೆ ಇತ್ತು, ಕುಡಿಯುವ ನೀರಿನ ಹರವಿ ಅವರ ಕಡೆ ಇತ್ತು, ಹಾಗಾಗಿ ಜಗಳ ಮಾಡಿ ಯಾರಿಗೂ ಪೂರೈಸುತ್ತಿರಲಿಲ್ಲ. ಅವರನ್ನು ಹೆಸರು ಹಿಡಿದು ಕರೆದವರು ಊರಲ್ಲಿ ಇದ್ದ ನೆನಪಿಲ್ಲ. ಎಲ್ಲರಿಗೂ ಉರ್ದು ಮಾಸ್ತರ. ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯರು, ಆಳು ಗಿಡ್ಡ, ತಲೆಗೆ ಕರಿ ಟೊಪ್ಪಿಗೆ, ಮೈಮೇಲೆ ಮಾಸಿದ ಶೇರವಾನಿ, ಕೈಯಲ್ಲಿ ಈ ಛತ್ರಿ. ನಮ್ಮ ಕಡೆ ಮಳೆಗೆಂದು ಛತ್ರಿ ಹಿಡಿಯುವವರು ಕಡಿಮೆ, ಅಪರೂಪಕ್ಕೆ ಬಂದ ಮಳೆಗೆ ತೋಯುವುದೇ ಸುಖ. ಅವರ ಛತ್ರಿ ಇದ್ದದ್ದು ಬಿಸಿಲಿಗೆ ಮತ್ತು ಬಸ್ಸಿಗೆ.

ಬಸ್ಸಿಗೆ ಯಾಕೆಂದರೆ, ಜಾಗ ಹಿಡಿಯಲಿಕ್ಕೆ. ಅಫಜಲಪುರದ ಬಸ್ ಸ್ಟ್ಯಾಂಡಿಗೆ ಕೆಂಪು ಗಾಡಿ ಬಂತೆಂದರೆ ಮಂದಿ ಬಾಗಿಲಿಗೆ ಮುಗಿಬೀಳುತ್ತಿದ್ದರು. ಜಾಣರು ಕಿಟಕಿಯಿಂದ ದಸ್ತಿಯನ್ನೋ ಟವೆಲನ್ನೋ ಸೀಟಿನ ಮೇಲೆ ಒಗೆದು, ಆಮೇಲೆ ನಿಧಾನಕ್ಕೆ ಹತ್ತುತ್ತಿದ್ದರು. ಉರ್ದು ಮಾಸ್ತರು ಒಗೆಯುವವರಲ್ಲ. ಛತ್ರಿಯನ್ನು ಕಿಟಕಿಯಿಂದ ಒಳಗೆ ಚಾಚಿ, ಮಗುವನ್ನು ಮಲಗಿಸಿದ ಹಾಗೆ ಸೀಟಿನ ಮೇಲೆ ಅಡ್ಡ ಮಲಗಿಸುತ್ತಿದ್ದರು. ಆಮೇಲೆ ಅದರ ಹತ್ತಿರ ಯಾರೂ ಹೋಗುವಂತಿಲ್ಲ. ಒಮ್ಮೆ ಪೈಲ್ವಾನನಂಥ ಒಬ್ಬ ಅದನ್ನು ಸರಿಸಿ ಕೂತುಬಿಟ್ಟ. ಇಡೀ ಗಾಡಿ ಅವನ ಮೇಲೆ ಹರಿಹಾಯ್ದಿತು. ಕಂಡಕ್ಟರ್ ಬಂದು ನ್ಯಾಯ ಹೇಳಿದ: “ಏಳಲೇ ಮೊದಲ. ಗಾಡಿ ಬಿಡೂತನಕ ಅದು ಛತ್ರಿ ಜಾಗಾ. ಗಾಡಿ ಬಿಟ್ಟ ಮ್ಯಾಲ ಬೇಕಾದ್ರ ನೀ ಕುಂಡ್ರು.” ಆ ಮನುಷ್ಯ ಗೊಣಗುತ್ತ ಎದ್ದ. ಉರ್ದು ಮಾಸ್ತರು ಇನ್ನೂ ಹೊರಗೆ ನಿಂತು ಶೇಂಗಾ ತಿನ್ನುತ್ತಿದ್ದರು.

ಶನಿವಾರ ಮುಂಜಾನೆಯ ಶಾಲೆ. ಮಧ್ಯಾಹ್ನ ಇಬ್ಬರೂ ಕೂಡಿಯೇ ಬಸ್ ಸ್ಟ್ಯಾಂಡಿಗೆ ನಡೆಯುತ್ತಿದ್ದೆವು. ಅವರು ಆಳಂದಕ್ಕೆ, ಅಲ್ಲಿ ಅವರ ಮುದಿ ತಾಯಿ ಮತ್ತು ಒಬ್ಬಳೇ ಮಗಳು ಇದ್ದರು. ನಾನು ಜೇವರ್ಗಿ ಗಾಡಿ ಹಿಡಿದು ಅಲ್ಲಿಂದ ಕೊಳಕೂರಕ್ಕೆ, ನನ್ನ ಹೆಂಡತಿಯ ಹತ್ತಿರ. ನನ್ನ ಗಾಡಿ ಮೊದಲು ಬರುತ್ತಿತ್ತು. ಅವರದು ಯಾವಾಗ ಬರುತ್ತದೆಂದು ಆ ಗಾಡಿಯ ಡ್ರೈವರನಿಗೂ ಗೊತ್ತಿರುತ್ತಿರಲಿಲ್ಲ. ಹಾಗಾಗಿ ನನ್ನ ಗಾಡಿಯಲ್ಲಿ ನನಗಾಗಿ ಅವರೇ ಛತ್ರಿ ಇಟ್ಟು ಜಾಗ ಹಿಡಿಯುತ್ತಿದ್ದರು. ನಾನು ಹತ್ತಿ, ಕೂತು, ಛತ್ರಿಯನ್ನು ಕಿಟಕಿಯಿಂದ ಅವರ ಕೈಗೆ ವಾಪಸು ಕೊಟ್ಟು, “ಬರ್ತೇನ್ರಿ ಮಾಸ್ತರ” ಅನ್ನಬೇಕು. ಅವರು “ಹೂಂ, ಬರ್ರಿ” ಅನ್ನಬೇಕು. ಆಮೇಲೆಯೇ ನಮ್ಮ ಶನಿವಾರ ಮುಗಿಯುತ್ತಿತ್ತು.

ಅವರು ಇದನ್ನು ಅಷ್ಟಕ್ಕೇ ಬಿಡುವ ಮನುಷ್ಯರಲ್ಲ. ಒಂದು ವಾರ ಕನ್ನಡದಲ್ಲಿ ಆದರೆ ಇನ್ನೊಂದು ವಾರ ಬೇರೆ ಭಾಷೆಯಲ್ಲಿ ಆಗಬೇಕು. ಆಳಂದ ಅಂದರೆ ಮಹಾರಾಷ್ಟ್ರ ಕೂಗಳತೆಯ ದೂರ, ಮರಾಠಿ ಅವರ ನಾಲಿಗೆ ತುದಿಯಲ್ಲಿತ್ತು. ಪ್ರಾಯದಲ್ಲಿ ಹೈದರಾಬಾದಿನಲ್ಲಿ ಟ್ರೇನಿಂಗ್ ಆಗಿತ್ತು, ತೆಲುಗೂ ಬರುತ್ತಿತ್ತು. ನನಗೆ ಮರಾಠಿಯ “ಯೇತೋ” ಅನ್ನುವುದನ್ನು ಕಲಿಸಿದರು. ಅದಕ್ಕೆ ಅವರು “ಯಾ” ಅಂತ ಉತ್ತರ ಕೊಡುತ್ತಿದ್ದರು. ತೆಲುಗಿನ “ಪೋಯೊಸ್ತ” ಅನ್ನುವುದನ್ನು ಕಲಿಸಿದರು. ಅವರ ಮನೆಯ ಉರ್ದು ಮಾತಿನ “ಜಾಕೊ ಆತೂಂ” ಕಲಿಸಿದರು. ಕಲಿಸಿ, ಛತ್ರಿಯ ತುದಿ ನೆಲಕ್ಕೆ ಕುಟ್ಟಿ ಹೇಳುತ್ತಿದ್ದರು: “ನೋಡ್ರಿ ಮಾಸ್ತರ, ಯಾವ ಮಂದಿನೂ ಬರೇ ಹೋಗ್ತೇನಿ ಅನ್ನೂದಿಲ್ಲ. ಎಲ್ಲಾರೂ ಹೋಗಿ ಬರ್ತೇನಿ ಅಂತಾರ. ಹೊಂಟವಗ ತಿರಗಿ ಬರೂ ಜಿಮ್ಮೇದಾರಿ ಇರ್ಬೇಕ್ರಿ.”

“ಖುದಾ ಹಾಫಿಜ್ ಅಂದ್ರ?” ಎಂದು ಕೆಣಕಿದ್ದೆ ಒಮ್ಮೆ. “ಅದರಾಗ ಬರೂ ಮಾತೇ ಇಲ್ಲಲ್ರಿ.”

ಅವರು ಟೊಪ್ಪಿಗೆ ಸರಿಮಾಡಿಕೊಂಡರು. “ಅದು ಖರೆ. ಅದು ನಾ ಬರೂತನಕ ದೇವರು ನಿಮ್ಮನ್ನ ಕಾಯ್ಲಿ ಅಂತ. ಬರೂದು ತಡ ಆಗೂ ಹಂಗಿದ್ರ ಅದನ್ನ ಅನಬೇಕು.” ಶನಿವಾರ ಹೋಗಿ ಸೋಮವಾರ ಬರುವ ನನಗೆ ಅವರು ಅದನ್ನು ಎಂದೂ ಅನ್ನಲಿಲ್ಲ. ಬೇಸಿಗೆ ರಜೆ ಬಿದ್ದಾಗ ಮಾತ್ರ ಅನ್ನುತ್ತಿದ್ದರು. ನಾನು “ಶರಣ್ರಿ” ಅನ್ನುತ್ತಿದ್ದೆ. ಮುಂದೆ ಮುಂದೆ ಇದೂ ತಿರುವುಮುರುವಾಗಿ, ಅವರು ಶರಣು ಅನ್ನುವುದು, ನಾನು ಖುದಾ ಹಾಫಿಜ್ ಅನ್ನುವುದು ನಡೆದಿತ್ತು. ಚಹಾದಂಗಡಿಯವನು ನಮ್ಮಿಬ್ಬರಿಗೂ ತಲೆ ಕೆಟ್ಟಿದೆ ಎಂದು ತಿಳಿದಿದ್ದ. ಇಂಗ್ಲಿಷಿನದೂ ಒಂದು ಇತ್ತು, ಆದರೆ ಅದನ್ನು ಇನ್ಸ್‌ಪೆಕ್ಟರ್ ಸಾಹೇಬರಿಗೆ ಮೀಸಲಿಟ್ಟಿದ್ದರು. ಸಾಹೇಬರು ಶಾಲೆ ತಪಾಸಣೆ ಮುಗಿಸಿ ಗುಡ್ ಬೈ ಅಂದು ಜೀಪು ಹತ್ತಿದರೆ, “ಈ ವರ್ಷ ಮತ್ತ ಬರೂದಿಲ್ಲಂತ, ಪೇಢೆ ತರಸ್ರಿ” ಅನ್ನುತ್ತಿದ್ದರು.

ಇದೆಲ್ಲ ತಮಾಷೆ ಎಂದೇ ನಾನು ಬಹಳ ದಿನ ತಿಳಿದಿದ್ದೆ. ಒಂದು ಶನಿವಾರ ಜೇವರ್ಗಿ ಗಾಡಿ ಕೆಟ್ಟು ನಿಂತಿತ್ತು, ಇಬ್ಬರೂ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತಿದ್ದೆವು. ಆಗ ಹೇಳಿದರು. ಪ್ರಾಯದಲ್ಲಿ ಹೈದರಾಬಾದಿನ ಟ್ರೇನಿಂಗಿಗೆ ಹೊರಟ ದಿನ ಕೋಳಿ ಕೂಗುವ ಮೊದಲೇ ಗಾಡಿ ಇತ್ತಂತೆ. ಹೆಂಡತಿ ಮಗುವನ್ನು ತಬ್ಬಿಕೊಂಡು ಮಲಗಿದ್ದಳಂತೆ. “ನಿದ್ದಿ ಯಾಕ ಕೆಡಸೂದು ಅಂತ ಹಂಗೇ ಹೊಂಟೆ. ಹೇಳ್ಲಿಲ್ರಿ.” ಟ್ರೇನಿಂಗ್ ಮುಗಿಯುವುದರೊಳಗೆ ಜ್ವರ ಬಂದು ಅವಳು ತೀರಿಕೊಂಡಿದ್ದಳು. ಇವರಿಗೆ ಮುಖ ನೋಡಲಿಕ್ಕೂ ಸಿಗಲಿಲ್ಲ. ಇಷ್ಟು ಹೇಳಿ ಛತ್ರಿಯ ಹಿಡಿ ಉಜ್ಜುತ್ತ ಕೂತರು... ಮರುಮದುವೆ ಯಾಕೆ ಆಗಲಿಲ್ಲ ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ. ಅವತ್ತಿನಿಂದ ನಾನೂ ಕಿಟಕಿಯಲ್ಲಿ ತಲೆ ಹಾಕಿ, ಮಂದಿ ನಗಲಿ ಬಿಡಲಿ, ಜೋರಾಗಿಯೇ ಹೇಳುತ್ತಿದ್ದೆ.

ಇಂಥ ಮನುಷ್ಯರು ಒಂದು ಸಲ ಸಿಕ್ಕಿಬಿದ್ದರು. ನಮ್ಮ ಹೆಡ್ ಮಾಸ್ತರರ ತಂದೆ ತೀರಿಕೊಂಡಿದ್ದರು, ಮಾತಾಡಿಸಲಿಕ್ಕೆ ಇಬ್ಬರೂ ಹೋಗಿದ್ದೆವು. ಸಾಕಷ್ಟು ಹೊತ್ತು ಕೂತು ಏಳುವಾಗ ಉರ್ದು ಮಾಸ್ತರು ತಮ್ಮ ರೂಢಿಯಂತೆ ಎರಡೂ ಕೈ ಜೋಡಿಸಿ, ಇಡೀ ಪಡಸಾಲೆಗೆ ಕೇಳುವಂತೆ, “ಬರ್ತೇನ್ರಿ ತಾಯಿ” ಎಂದುಬಿಟ್ಟರು. ಅಳುತ್ತಿದ್ದ ಹೆಣ್ಣುಮಕ್ಕಳು ಅಳುವುದನ್ನೇ ನಿಲ್ಲಿಸಿದರು. ಮೂಲೆಯಲ್ಲಿದ್ದ ಒಬ್ಬ ಮುದುಕಿ ಸಿಡಿದೆದ್ದಳು: “ಏನಂದ್ಯೋ ಯಪ್ಪಾ? ಇಂಥಾದ್ದಕ್ಕ ಮತ್ತೊಮ್ಮೆ ಬರ್ತೀಯೇನು ನಮ್ಮನಿಗಿ?” ಉರ್ದು ಮಾಸ್ತರರ ಮುಖ ಬಿಳಿಚಿಹೋಯಿತು. ನಾನು ಶೇರವಾನಿಯ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದೆ.

“ಸತ್ತ ಮನ್ಯಾಗ ಬರ್ತೇನಿ ಅನಬಾರ್ದ್ರಿ” ಎಂದೆ ದಾರಿಯಲ್ಲಿ. “ಅಂದ್ರ ಆ ಮನಿಗಿ ಮತ್ತೊಂದು ಸಾವು ಕರದಂಗ. ಸುಮ್ನ ಎದ್ದು ಹೊಂಟಬಿಡಬೇಕು. ಹಿಂದ ತಿರಗಿ ನೋಡಬಾರ್ದು.”

“ಮತ್ತ ಏನ ಅನಬೇಕು?”

“ಏನೂ ಅನಬಾರ್ದು.”

“ಏನೂ ಅನದ ಹ್ಯಾಂಗ ಹೋಗೂದ್ರಿ ಮಾಸ್ತರ?” ಅವರಿಗೆ ನಿಜಕ್ಕೂ ತಿಳಿದಿರಲಿಲ್ಲ. “ಕಳ್ಳರು ಹೋದಂಗ ಆಗ್ತದಲ್ರಿ ಅದು.” ಸಂಜೆತನಕ ಅದನ್ನೇ ಮೆಲುಕು ಹಾಕಿದರು. ಮರುದಿನ ಶಾಲೆಯ ಅಂಗಳದಲ್ಲಿ ಸಿಕ್ಕಾಗ ತಮ್ಮ ಎರಡೂ ಕಿವಿ ಹಿಡಿದುಕೊಂಡು, “ತೌಬಾ. ಇನ್ನೆಂದೂ ಆ ತಪ್ಪು ಮಾಡೂದಿಲ್ರಿ” ಎಂದರು. ನಾನು ನಕ್ಕೆ. ಎಷ್ಟು ದೊಡ್ಡ ಮಾತು ಕೊಡುತ್ತಿದ್ದಾರೆ ಎಂದು ನನಗೆ ಆಗ ಹೊಳೆಯಲಿಲ್ಲ.

ಅವರು ರಿಟೈರ್ ಆದ ದಿನ ಅಫಜಲಪುರ ಬಸ್ ಸ್ಟ್ಯಾಂಡಿನಲ್ಲಿ ಆದದ್ದನ್ನು ಹೇಳಬೇಕು. ಅವತ್ತು ಆಳಂದ ಗಾಡಿಯೇ ಮೊದಲು ಬಂತು. ಹೂವಿನ ಹಾರ ಕೊರಳಲ್ಲೇ ಇತ್ತು. ಛತ್ರಿಯಿಂದ ಜಾಗ ಹಿಡಿದು, ಹತ್ತಿ ಕೂತು, ಕಿಟಕಿಯಿಂದ ನನಗೆ ಒಂದಾದ ಮೇಲೆ ಒಂದು ಭಾಷೆಯಲ್ಲಿ ಹೇಳತೊಡಗಿದರು. ಕನ್ನಡದಲ್ಲಿ ಆಯಿತು, ಮರಾಠಿಯಲ್ಲಿ ಆಯಿತು, ತೆಲುಗಿನಲ್ಲಿ ಆಯಿತು. ನಾನು ಎಲ್ಲದಕ್ಕೂ ಉತ್ತರ ಕೊಡುತ್ತ ನಿಂತೆ. ಕಂಡಕ್ಟರ್ ಸೀಟಿ ಬಾಯಲ್ಲಿಟ್ಟುಕೊಂಡು ಕಾದು ಕಾದು, “ಮಾಸ್ತರ, ಮುಗೀತೇನ್ರಿ? ಭೂಸನೂರದಾಗ ಮಂದಿ ಬೈಯ್ತಾರ” ಎಂದ. ಗಾಡಿ ಬಿಟ್ಟಿತು. ಕೊನೆಗೆ ಅವರ ಬಾಯಿಂದ ಬಂದದ್ದು ಇಂಗ್ಲಿಷಿನದಲ್ಲ ಎಂದು ನನಗೆ ಸಮಾಧಾನ. ಆಮೇಲೆ ಸೋಮವಾರ ಅಂಗಳದ ಆಚೆ ನೋಡುವುದಕ್ಕೇ ಮನಸ್ಸು ಬರುತ್ತಿರಲಿಲ್ಲ. ಬೇರೊಬ್ಬ ಮಾಸ್ತರರು ಬಂದಿದ್ದರು, ಒಳ್ಳೆಯವರೇ. ಆದರೆ ಅವರು ಸೈಕಲ್ ಹತ್ತಿ ಹೋಗಿಬಿಡುತ್ತಿದ್ದರು.

ಮಾತು ಕೊಟ್ಟಂತೆ ಅವರು ಬರುತ್ತಿದ್ದರು. ಆಗೊಮ್ಮೆ ಈಗೊಮ್ಮೆ ಆಳಂದದಿಂದ ಗುಲಬರ್ಗಾ, ಅಲ್ಲಿಂದ ಜೇವರ್ಗಿ, ಅಲ್ಲಿಂದ ಕೊಳಕೂರ, ಮೂರು ಗಾಡಿ ಬದಲಿಸಿ ನಮ್ಮ ಮನೆಗೆ. ಬಾಗಿಲಿನಿಂದಲೇ ನನ್ನ ಹೆಂಡತಿಯನ್ನು ಕೂಗುವುದು ಅವರ ಪದ್ಧತಿ: “ತಂಗೀ, ರೊಟ್ಟಿ ಬಡದೀಯೇನವ್ವಾ?” ಅವಳ ಶೇಂಗಾ ಹಿಂಡಿ ಚಟ್ನಿಗೆ ಅವರು ಸೋತಿದ್ದರು. ರಮಜಾನ್ ಹಬ್ಬಕ್ಕೆ ಅವರ ಮನೆಯ ಶ್ಯಾವಿಗೆ ಸುರಕುಂಬಾ ಹಿತ್ತಾಳೆ ಡಬ್ಬಿಯಲ್ಲಿ ಅಷ್ಟು ದೂರ ಬಸ್ಸಿನಲ್ಲಿ ಕುಲುಕಿಕೊಂಡು ನಮ್ಮ ಮನೆಗೆ ಬರುತ್ತಿತ್ತು. ಪಡಸಾಲೆಯ ಈ ಮಡಚುವ ಕುರ್ಚಿ ಅವರದೇ ಆಗಿತ್ತು. ಕೆಳಗೆ ಕೂತರೆ ಮೊಣಕಾಲು ನೋಯುತ್ತಿತ್ತು ಅವರಿಗೆ.

ನನ್ನ ಹೆಂಡತಿ ಹೋದದ್ದು ಎಂಬತ್ತರ ದಶಕದ ಕೊನೆಗೆ, ಬೇಸಿಗೆಯಲ್ಲಿ. ಹೊಟ್ಟೆನೋವು ಅಂದಳು, ಗುಲಬರ್ಗಾಕ್ಕೆ ಒಯ್ದೆವು, ತಿರುಗಿ ತಂದೆವು... ಅಷ್ಟೇ. ಅದನ್ನು ಬರೆಯಲಿಕ್ಕೆ ನನಗೆ ಆಗುವುದಿಲ್ಲ. ಮಣ್ಣು ಮಾಡಿದ ಮರುದಿನ ಮಧ್ಯಾಹ್ನ ಪಡಸಾಲೆಯ ತುಂಬ ಮಂದಿ ಸುಮ್ಮನೆ ಕೂತಿದ್ದರು. ನಾನು ಗೋಡೆಗೆ ಒರಗಿದ್ದೆ. ಆಗ ಬಾಗಿಲಲ್ಲಿ ಆ ದನಿ ಬಂತು: “ತಂಗೀ, ರೊಟ್ಟಿ ಬಡದೀಯೇನವ್ವಾ?”

ಅವರಿಗೆ ಗೊತ್ತಿರಲಿಲ್ಲ. ನಾವು ಯಾರೂ ಆಳಂದಕ್ಕೆ ಸುದ್ದಿ ಮುಟ್ಟಿಸಿರಲಿಲ್ಲ, ಅಷ್ಟು ಬೇಗ ಮುಟ್ಟಿಸುವ ಸಾಧನವೂ ಇರಲಿಲ್ಲ. ಬಾಗಿಲಲ್ಲಿ ನಗುತ್ತ ನಿಂತಿದ್ದರು, ಒಂದು ಕೈಯಲ್ಲಿ ಛತ್ರಿ, ಇನ್ನೊಂದು ಕೈಯಲ್ಲಿ ಖಜೂರದ ಪೊಟ್ಟಣ. ಎಲ್ಲರೂ ಅವರ ಕಡೆ ತಿರುಗಿದರು. ಒಬ್ಬರಾದ ಮೇಲೆ ಒಬ್ಬರ ಮುಖ ನೋಡುತ್ತ ಬಂದು ಕೊನೆಗೆ ನನ್ನ ಮುಖದ ಮೇಲೆ ಅವರ ಕಣ್ಣು ನಿಂತಿತು. ಆ ನಗು ಹೇಗೆ ಇಳಿಯಿತು ಎಂಬುದನ್ನು ನಾನು ಇಂದಿಗೂ ಮರೆತಿಲ್ಲ. ಪೊಟ್ಟಣವನ್ನು ಶೇರವಾನಿಯ ಒಳಗೆ ಬಚ್ಚಿಟ್ಟುಕೊಂಡು ಬಂದು ಕುರ್ಚಿಯ ಮೇಲೆ ಕೂತರು.

ಸಂಜೆಯ ತನಕ ಕೂತಿದ್ದರು. ನನ್ನ ಜೊತೆ ಹತ್ತು ಮಾತು ಆಡಿರಲಿಕ್ಕಿಲ್ಲ. ಆಗ ಶಾಲೆಗೆ ಹೋಗುತ್ತಿದ್ದ ನನ್ನ ಮಗಳನ್ನು ಕರೆದು ತಲೆ ನೇವರಿಸಿದರು, ಅವಳು ಅವರ ಮೊಣಕಾಲಿಗೆ ಮುಖವಿಟ್ಟು ಅತ್ತಳು. ಒಂದೆರಡು ಸಲ ನನ್ನ ಕಡೆ ನೋಡಿ ಏನೋ ಹೇಳಲಿಕ್ಕೆ ಬಾಯಿ ತೆರೆದರು, ಮತ್ತೆ ಮುಚ್ಚಿಕೊಂಡರು. ಜೇವರ್ಗಿಗೆ ಹೋಗುವ ಕೊನೆಯ ಗಾಡಿಯ ಹೊತ್ತಾಯಿತು. ಅವರು ಎದ್ದರು. ಎದ್ದು ಎರಡೂ ಕೈ ಜೋಡಿಸಿದರು. ತುಟಿ ಅಲುಗಿತು. ನಾನು ಕಾದೆ. ಖರೆ ಹೇಳುತ್ತೇನೆ, ಕಾದೆ. ರೂಢಿ ಗೀಢಿ ಎಲ್ಲ ನನಗೆ ಗೊತ್ತಿತ್ತು, ನಾನೇ ಕಲಿಸಿದ್ದೆ, ಆದರೂ ಆ ಹೊತ್ತು ಯಾರಾದರೂ ಒಬ್ಬರು ನನಗೆ ‘ಬರ್ತೇನಿ’ ಅನ್ನಬೇಕಾಗಿತ್ತು. ಅವರು ಅನ್ನಲಿಲ್ಲ. ನನ್ನ ಮನೆಗೆ ಕೆಡುಕು ತಾಕಬಾರದೆಂದು ತುಟಿ ಕಚ್ಚಿಕೊಂಡು ಹೊರಟರು. ಓಣಿಯ ತಿರುವಿನವರೆಗೂ ನೋಡಿದೆ, ಹಿಂದೆ ತಿರುಗಲಿಲ್ಲ.

ಆಮೇಲೆ ಮಗಳೇ ಹೇಳಿದ್ದು, “ಅಪ್ಪಾ, ಮಾಸ್ತರು ಛತ್ರಿ ಮರತು ಹೋಗ್ಯಾರ” ಎಂದು. ಛತ್ರಿ ಕುರ್ಚಿಯ ಮೇಲೆ ಅಡ್ಡ ಮಲಗಿತ್ತು. ಅವಳು ಹಿಡಿದುಕೊಂಡು ಓಡಿದಳು, ಅಷ್ಟರಲ್ಲಿ ಗಾಡಿ ಹೋಗಿತ್ತು. ಇರಲಿ, ತಲೆ ಕೆಟ್ಟಿರಬೇಕು ಪಾಪ, ಅಂದುಕೊಂಡೆ.

ದಿನಕರ್ಮ ಎಲ್ಲ ಮುಗಿದು, ಬಂದ ಬೀಗರು ಹೋಗಿ, ಮನೆ ಬಾಯಿ ತೆರೆದುಕೊಂಡು ನಿಂತಿತು. ಅಂಥ ಮನೆಯಲ್ಲಿ ಇರಲಾರದೆ ಒಂದು ದಿನ ಛತ್ರಿ ಹಿಡಿದು ಆಳಂದಕ್ಕೆ ಹೊರಟೆ. ಛತ್ರಿ ನೆಪ. ಅವರ ಎದುರಿಗೆ ಕೂತು ಅಳಬೇಕಾಗಿತ್ತು ನನಗೆ, ಅದಕ್ಕೆ ಬೇರೆ ಯಾರೂ ಇರಲಿಲ್ಲ. ಹೋಗಿ ನೋಡಿದರೆ ಬಾಗಿಲಿಗೆ ಬೀಗ. ಪಕ್ಕದ ಕಟ್ಟೆಯ ಮೇಲೆ ಒಬ್ಬ ಹೆಂಗಸು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನನ್ನನ್ನೂ ನನ್ನ ಕೈಯನ್ನೂ ನೋಡಿ ಅವಳೇ ಕೇಳಿದಳು.

“ಕೊಳಕೂರ ಮಾಸ್ತರ ಏನ್ರಿ ನೀವು? ಛತ್ರಿ ತಂದೀರೇನು?”

“ಹೌದವ್ವ. ಎಲ್ಲಿಗಿ ಹೋಗ್ಯಾರ?”

“ಸೊಲ್ಲಾಪುರಕ್ರಿ, ಮಗಳ ಮನಿಗಿ. ತಾಯಿ ಹೋದ ಮ್ಯಾಲ ಒಬ್ಬರೇ ಆಗಿದ್ರಲ್ಲ. ಮನಿ ಮಾರ್ಯಾರ. ಇನ್ನ ಅಲ್ಲೇ ಅಂತ. ನಿಮಗ ಹೇಳಿ ಬರ್ತೇನಿ ಅಂತ ನಿಮ್ಮೂರಿಗಿ ಬಂದಿದ್ರಲ್ರಿ?”

ಅವತ್ತು ಅದನ್ನು ಹೇಳಲಿಕ್ಕೆ ಬಂದಿದ್ದರು. ಊರು ಬಿಟ್ಟು ಹೋಗುವ ಮೊದಲು, ಎಲ್ಲ ಭಾಷೆಯಲ್ಲೂ ಹೇಳಿ ಹೋಗಲಿಕ್ಕೆ ಬಂದಿದ್ದರು. ಒಂದು ಭಾಷೆಯಲ್ಲೂ ಹೇಳದೆ ಎದ್ದು ಹೋಗಿದ್ದರು.

ಆ ಹೆಂಗಸು ಮೊರ ಕೆಳಗಿಟ್ಟಳು. “ಛತ್ರಿ ಇಲ್ಲಿ ಇಡಬ್ಯಾಡ್ರಿ. ಕೊಳಕೂರ ಮಾಸ್ತರ ತರ್ತಾರ, ವಾಪಸ್ ಒಯ್ರಿ ಅಂತ ಹೇಳವ್ವ ಅಂದಿದ್ರು. ಮರತು ಬಂದೀರೇನ್ರಿ ಅಂದೆ. ಇಲ್ಲ, ಜಾಗಾ ಹಿಡದು ಬಂದೇನಿ ಅಂದ್ರು. ಅದರ ಅರ್ಥ ಏನೋ, ನನಗೇನು ತಿಳೀತದ?”

ಬೀಗ ಹಾಕಿದ ಆ ಬಾಗಿಲಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಹೆಂಡತಿ ಸತ್ತಾಗ ಮಂದಿಯ ಎದುರಿಗೆ ಬಾರದೆ ಉಳಿದಿದ್ದ ಅಳು ಅಲ್ಲಿ, ಯಾರದೋ ಊರಿನ ಯಾರದೋ ಓಣಿಯಲ್ಲಿ, ಬಂತು. ಆ ತಾಯಿ ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಪಕ್ಕದಲ್ಲಿಟ್ಟಳು. ನೀರು ಕುಡಿದು, ಛತ್ರಿ ಹಿಡಿದುಕೊಂಡು ಏಳುವಾಗ “ಬರ್ತೇನವ್ವ” ಎಂದೆ. “ಹೂಂ, ಬರ್ರಿ” ಎಂದಳು.

ಸೊಲ್ಲಾಪುರ ಏನು ಲಂಡನ್ನೇ, ಹುಡುಕಿಕೊಂಡು ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಎಲ್ಲರೂ ಕೇಳಿದ್ದಾರೆ. ಆದರೆ ಜಾಗ ಹಿಡಿದು ಹೋದವರನ್ನು ಯಾರಾದರೂ ಹುಡುಕಿಕೊಂಡು ಹೋಗುತ್ತಾರೆಯೆ? ಜಾಗ ಕಾಯುತ್ತಾರೆ. ಬಸ್ಸಿನ ಕಾಯ್ದೆ ಅದು. ನಾನು ಕಾದೆ. ಜೇವರ್ಗಿಗೆ ವರ್ಗವಾಗಿ ಈ ಮನೆಗೆ ಬಂದಾಗ ಎತ್ತಿನ ಗಾಡಿಯಲ್ಲಿ ಕುರ್ಚಿ ಬಂತು, ಅದರ ಮೇಲೆ ಛತ್ರಿ ಬಂತು. ಅದರಲ್ಲಿ ಕೂರಲು ಬಂದ ಬೀಗರನ್ನೆಲ್ಲ ಕೆಳಗೆ ಚಾಪೆಗೆ ಕಳಿಸಿದೆ. ಮಗಳನ್ನು ನೋಡಲಿಕ್ಕೆ ಗಂಡಿನ ಕಡೆಯವರು ಬಂದಾಗ ಗಂಡಿನ ಕಾಕಾ, ಜಬರದಸ್ತ್ ಮನುಷ್ಯ, ಛತ್ರಿ ಸರಿಸಿ ಕೂರಲು ಹೋದರು. “ಅಲ್ಲಿ ಬ್ಯಾಡ್ರಿ” ಎಂದೆ. “ಆ ಜಾಗಾ ಹಿಡದಾರ.” ಅವರು ಸುತ್ತಲೂ ನೋಡಿ, “ಯಾರ್ರಿ?” ಎಂದರು. “ಆಳಂದದವರು. ಬರ್ತಾರ.” ಒಳಗೆ ಮಗಳು ತಲೆ ತಲೆ ಚಚ್ಚಿಕೊಂಡಳಂತೆ. ದೇವರ ದಯೆ, ಲಗ್ನ ಮುರಿಯಲಿಲ್ಲ. ಅಳಿಯ ಮುಂದೆ ಕೆಲವು ವರ್ಷ ಬಂದಾಗೊಮ್ಮೆ ಚೇಷ್ಟೆ ಮಾಡುತ್ತಿದ್ದ: “ಮಾವಾರ, ಆಳಂದದವರು ಬಂದ್ರೇನ್ರಿ?” ನಾನು “ಗಾಡಿ ತಡ ಆಗೇದಪ್ಪ” ಅನ್ನುತ್ತಿದ್ದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಪೆನ್ಶನ್ ಕೆಲಸಕ್ಕೆಂದು ಅಫಜಲಪುರಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಅದೇ ಕಲ್ಲು ಬೆಂಚಿನ ಮೇಲೆ ಆಳಂದದ ಒಬ್ಬ ಅರಿವೆ ವ್ಯಾಪಾರಿ ಕೂತಿದ್ದ. ಹಾಗೇ ಮಾತಿಗೆ ಮಾತು ಬಂದು ಉರ್ದು ಮಾಸ್ತರರ ಸುದ್ದಿ ಕೇಳಿದೆ. “ಅವರು ಹೋಗಿ ಭಾಳ ದಿನ ಆತಲ್ರಿ. ನಿಮಗ ಗೊತ್ತಿಲ್ಲೇನು?” ಎಂದ. ಸೊಲ್ಲಾಪುರದಲ್ಲೇ ಮಣ್ಣಾಗಿತ್ತಂತೆ. ಕೊನೆಗೆ ಕಣ್ಣು ಪೂರಾ ಹೋಗಿತ್ತು, ಒಬ್ಬರೇ ಎಲ್ಲಿಗೂ ಹೋಗುವಂತಿರಲಿಲ್ಲ ಎಂದ. ನಾನು ಹೂಂ ಎಂದೆ. ಅಷ್ಟರಲ್ಲಿ ಅವನ ಗಾಡಿ ಬಂತು, ಕಿಟಕಿಯಿಂದ ಟವೆಲು ಒಗೆದು ಓಡಿದ. ಅವನು ನನಗೆ ಬರ್ತೇನಿ ಅಂದನೋ ಇಲ್ಲವೋ, ನೆನಪಿಲ್ಲ.

ಯಾರ ಮನೆಗೆ ಹೋಗಿ ಯಾರನ್ನು ಮಾತಾಡಿಸಲಿ? ಸುಮ್ಮನೆ ಎದ್ದು ಬರಲಿಕ್ಕೆ ನನಗೊಂದು ಸತ್ತ ಮನೆಯೂ ಇರಲಿಲ್ಲ. ಆ ಸುದ್ದಿ ಗೊತ್ತಾದ ಮೇಲೆ ಅಳಿಯ ಚೇಷ್ಟೆ ಮಾಡುವುದನ್ನು ಬಿಟ್ಟ. ಅವನು ಕೇಳದೆ ಹೋದದ್ದೇ ನನಗೆ ಹೆಚ್ಚು ನೋವಾಯಿತು. ಈಗ ಈ ಮನೆಯಲ್ಲಿ ಎಲ್ಲರೂ ಇದ್ದಾರೆ, ಮಗಳು, ಅಳಿಯ, ಮೊಮ್ಮಕ್ಕಳು, ಯಾವುದಕ್ಕೂ ಕೊರತೆ ಇಲ್ಲ. ಮುಂಜಾನೆ ಬಾಯ್ ಅಂದು ಎಲ್ಲರೂ ಒಂದೇ ಉಸಿರಿಗೆ ಓಡುತ್ತಾರೆ. ನಾನು “ಹೂಂ, ಬರ್ರಿ” ಅನ್ನುವುದರೊಳಗೆ ಬಾಗಿಲು ಹಾಕಿಕೊಂಡಿರುತ್ತದೆ. ಆಮೇಲೆ ಸಂಜೆಯತನಕ ನಾನು, ಕುರ್ಚಿ, ಛತ್ರಿ...

ಗುಜರಿಯವನು ಚಹಾ ಮುಗಿಸಿ ಕಪ್ಪು ಕೆಳಗಿಟ್ಟ. ಮಗಳು ಬಂದು ನನ್ನ ಪಕ್ಕ ನಿಂತಳು. “ಅಪ್ಪಾ, ಅವರಿನ್ನ ಬರೂದಿಲ್ಲ” ಎಂದಳು, ಮೆಲ್ಲಗೆ. ಇಷ್ಟು ವರ್ಷದಲ್ಲಿ ಆ ಮಾತನ್ನು ಈ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಛತ್ರಿ ಹಿಡಿದು ಓಡಿ, ಗಾಡಿ ಸಿಗದೆ ತಿರುಗಿ ಬಂದವಳು ಅವಳೇ, ಆಡುವ ಹಕ್ಕು ಅವಳಿಗಿದೆ.

“ಗೊತ್ತದವ್ವಾ” ಎಂದೆ. “ಆದ್ರ ನನ್ನ ಗಾಡಿ ಇನ್ನಾ ಬಿಟ್ಟಿಲ್ಲ. ಬಿಡೂತನಕ ಅದು ಅವರ ಜಾಗಾ. ಬಿಟ್ಟ ಮ್ಯಾಲ ನಿನಗ ಹ್ಯಾಂಗ ತಿಳೀತದ ಹಂಗ ಮಾಡು.”

ಅವಳು ಗುಜರಿಯವನಿಗೆ ಒಡೆದ ಬಕೆಟ್ಟು, ಹಳೆಯ ಸ್ಟೋವು ಕೊಟ್ಟು ಕಳಿಸಿದಳು. ಸೆರಗಿನಿಂದ ಛತ್ರಿಯ ಧೂಳು ಒರೆಸಿ, ಮರುದಿನ ಮುಂಜಾನೆ ಸುಣ್ಣ ಒಣಗಿದ ಮೇಲೆ ಕುರ್ಚಿಯನ್ನು ತಂದು ಮೊದಲಿನ ಜಾಗದಲ್ಲೇ ಹಾಕಿ, ಅದರ ಮೇಲೆ ಛತ್ರಿಯನ್ನು ಅಡ್ಡ ಮಲಗಿಸಿದಳು. ಮಲಗಿಸಿ ಕೆಲಸಕ್ಕೆ ಹೋಗಲು ಬಾಗಿಲಿಗೆ ಹೋದವಳು ತಿರುಗಿ ನಿಂತು, “ಬರ್ತೇನಪ್ಪಾ” ಎಂದಳು.

“ಹೂಂ, ಬಾ” ಎಂದೆ.

ಅವಳ ಹೆಜ್ಜೆಯ ಸಪ್ಪಳ ಓಣಿಯಲ್ಲಿ ಅಡಗಿದ ಮೇಲೆ ಕುರ್ಚಿಯ ಕಡೆ ತಿರುಗಿದೆ. ಕೊಳಕೂರದಲ್ಲಿ ಅವತ್ತು ಅವರು ಅನ್ನಲಿಲ್ಲ, ಹಾಗಾಗಿ ನಾನೂ ಉತ್ತರ ಕೊಟ್ಟಿರಲಿಲ್ಲ. “ಹೂಂ, ಬರ್ರಿ ಮಾಸ್ತರ” ಎಂದೆ. ಹೊಸ ಸುಣ್ಣದ ಪಡಸಾಲೆಯಲ್ಲಿ ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು.